ಹೋಗಿ ಬಾ ಅನ್ನಬಾರದ ಮನೆ

ಕೋವಿಲ್‌ಪಟ್ಟಿ,
4-4-1993, ಭಾನುವಾರ ಮಧ್ಯಾಹ್ನ.

ಪ್ರೀತಿಯ ಅಕ್ಕಾ,

ತಿರುಚ್ಚಿ ಮಹಾನಗರದಲ್ಲಿ ಹಳ್ಳಿ ನರ್ಸಿನ ತರಬೇತಿ ಪಡೆಯುತ್ತಾ, ಕಂಡವರ ತೋಳಿಗೆಲ್ಲ ಸೂಜಿ ಚುಚ್ಚುವ ಪುಣ್ಯಕಾರ್ಯದಲ್ಲಿ ತೊಡಗಿರುವ ಮಹಾರಾಜರಾಜಶ್ರೀ ಶೆಣ್ಬಗವಲ್ಲಿಯವರ ದಿವ್ಯಪಾದಗಳಿಗೆ ತಂಗಿ ಮುತ್ತುಪ್ಪೇಚ್ಚಿ ಅಡ್ಡಬಿದ್ದು ಬರೆದುಕೊಳ್ಳುವ ವಿಜ್ಞಾಪನೆ. ಹೇಗಿದ್ದೀಯಾ? ಹಿಮ್ಮಡಿಯ ಒಡಕು ಕೂಡಿತೇ? ಹಾಸ್ಟೆಲಿನ ಸಾಂಬಾರಿನಲ್ಲಿ ಈ ತಿಂಗಳಾದರೂ ಒಂದು ಬೇಳೆ ಕೈಗೆ ಸಿಕ್ಕಿತೇ? ಹನ್ನೆರಡನೇ ತಾರೀಕಿನಿಂದ ಪರೀಕ್ಷೆ ಎಂದು ಬರೆದಿದ್ದೆಯಲ್ಲ, ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದರೆ ವಿದ್ಯೆ ತಾನಾಗಿ ತಲೆಗೇರುತ್ತದೆ ಎಂದು ನಾನು ಹೇಳಿಕೊಟ್ಟ ಉಪಾಯವನ್ನು ದಯವಿಟ್ಟು ನಂಬಬೇಡ. ಅದನ್ನು ನಂಬಿ ನಾನು ಲೆಕ್ಕದಲ್ಲಿ ಮೂವತ್ತೇಳು ತೆಗೆದುಕೊಂಡೆ. ಇಲ್ಲಿ ಎಲ್ಲರೂ ಕ್ಷೇಮ. ಈ ವಾಕ್ಯವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿ ಐದನೇ ಸಲ ಬರೆದಿದ್ದೇನೆ ಎಂಬುದನ್ನು ಮಾತ್ರ ನಿನ್ನ ಗಮನಕ್ಕೆ ತರುತ್ತೇನೆ.

ಈಗ ಎಲ್ಲಾದರೂ ಕುಳಿತುಕೊ. ಕುಳಿತೆಯಾ? ನಿನ್ನ ಮಗಳು ಪಾಪಾ ಉಣ್ಣುತ್ತಿದ್ದಾಳೆ, ಆಡುತ್ತಿದ್ದಾಳೆ, ನನ್ನ ಜಡೆ ಎಳೆಯುತ್ತಿದ್ದಾಳೆ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದು. ನಮ್ಮ ಮನೆಗೆ ಅಮ್ಮ ಬಂದಿದ್ದಾಳೆ. ಹೋದ ಬುಧವಾರವಲ್ಲ, ಅದರ ಹಿಂದಿನ ಬುಧವಾರ ಬಂದಳು. ಪಾಪಾಳ ಮೈಮೇಲೆ ಬಂದಳು. ನಿನ್ನ ಪುಸ್ತಕದಲ್ಲಿ ಇದಕ್ಕೆ ಒಂದು ಇಂಗ್ಲಿಷ್ ಹೆಸರು, ಒಂದು ಚಿತ್ರ, ಕೆಳಗೆ ಐದು ಮಾರ್ಕಿನ ಪ್ರಶ್ನೆ ಇರುತ್ತದೆ. ನಮ್ಮ ಬೀದಿಯಲ್ಲಿ ಇದಕ್ಕಿರುವುದು ಒಂದೇ ಹೆಸರು. ಆ ಹೆಸರಿನಿಂದಲೇ ಈ ಮನೆಯಲ್ಲಿ ಹನ್ನೆರಡು ದಿನಗಳಿಂದ ಯಾರಿಗೂ ತಲೆಬುಡ ತಿಳಿಯದಂತಾಗಿದೆ. ಆದ್ದರಿಂದ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳೋಣ. ಈ ಕಾಗದದಲ್ಲಿ ಮೂವರು ಅಮ್ಮಂದಿರಿದ್ದಾರೆ. ನಮ್ಮಿಬ್ಬರನ್ನು ಹೆತ್ತವಳು ಒಬ್ಬಳು; ಅವಳನ್ನು ಪಾಪಾ ಕರೆಯುವಂತೆ ಆಚ್ಚಿ ಎಂದೇ ಬರೆಯುತ್ತೇನೆ. ಪಾಪಾಳನ್ನು ಹೆತ್ತವಳು ನೀನು. ಮೂರನೆಯವಳು ಮಾರಿಯಮ್ಮ, ಅವಳು ಯಾರನ್ನೂ ಹೆತ್ತಿಲ್ಲ, ಆದರೂ ಎಲ್ಲರೂ ಅವಳನ್ನೇ ಅಮ್ಮ ಅನ್ನುತ್ತಾರೆ. ಈ ಮೂವರಲ್ಲಿ ಯಾರು ಯಾರೆಂದು ನನಗೆ ಗೊತ್ತು, ನಿನಗೆ ಗೊತ್ತು. ನಿನ್ನ ನಾಲ್ಕೂಮುಕ್ಕಾಲು ವರ್ಷದ ಮಗಳು ತೇನ್ಮೊಳಿ ಉರುಫ್ ಪಾಪಾಳಿಗೆ ಯಾರೂ ಹೇಳಲಿಲ್ಲ, ಅಲ್ಲೇ ಎಡವಟ್ಟಾಯಿತು.

ಆ ಬುಧವಾರ ಬೆಳಿಗ್ಗೆ ಅವಳ ಬೆನ್ನಿನ ಮೇಲೆ ಕೆಂಪು ಚುಕ್ಕೆಗಳು ಕಂಡವು. ಆಚ್ಚಿ ನೋಡಿದವಳೇ ಮೊದಲು ಮಾಡಿದ ಕೆಲಸ ನನ್ನ ತಲೆಗೆ ಮೊಟಕಿದ್ದು. "ಕೆಂಪು ಇಂಕಿನ ಪೆನ್ನು ಎಲ್ಲಿಟ್ಟಿದೀಯೇ, ಕತ್ತೆ? ಹೋದ ಸಲ ಮಲಗಿದ್ದ ಮಗೂಗೆ ಮೀಸೆ ಬರೆದಿದ್ದು ಸಾಲ್ದಾ?" ನಾನು ನಿರಪರಾಧಿ ಎಂದು ಮಾರಿಯಮ್ಮನ ಮೇಲೇ ಆಣೆ ಇಟ್ಟೆ. ಆಚ್ಚಿ ಸೆರಗು ಒದ್ದೆ ಮಾಡಿ ಚುಕ್ಕೆಗಳನ್ನು ಉಜ್ಜಿದಳು. ಹೋಗಲಿಲ್ಲ. ಮೈ ಮುಟ್ಟಿದಳು, ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿತ್ತು. ಆಗ ಆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಮೊಮ್ಮಗಳಿಗೇ ಕೈಮುಗಿದು ನಿಂತಳು. "ಬಂದ್ಯಾ ತಾಯೇ? ತಣ್ಣಗೆ ಬಂದಿದೀಯಾ, ತಣ್ಣಗೆ ಇದ್ದು, ತಣ್ಣಗೆ ಇಳಿದು ಹೋಗು ತಾಯೇ." ಪಾಪಾ ಅತ್ತಿತ್ತ ನೋಡಿದಳು, ಹಿಂದೆ ಯಾರಾದರೂ ಬಂದರೇನೋ ಎಂದು. ಆಮೇಲೆ ಚಿಕ್ಕಮ್ಮನಾದ ನನ್ನ ಕಿವಿಯಲ್ಲಿ ಕೇಳಿದಳು: "ಚಿತ್ತೀ, ಯಾರು ಬಂದಿದ್ದು?" ನಾನು ಆಚ್ಚಿಯ ಮುಖ ನೋಡಿದೆ. ರೋಗದ ಹೆಸರು ಎತ್ತಬಾರದು ಎಂದು ಆಚ್ಚಿಯ ಕಣ್ಣು ಹೇಳಿತು. "ಅಮ್ಮ ಬಂದಿದಾಳೆ" ಅಂದೆ. ಅಕ್ಕಾ, ಆ ಜ್ವರದಲ್ಲೂ ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ನೋಡದೆ ಇದ್ದದ್ದೇ ಒಳ್ಳೆಯದಾಯಿತು. ಎರಡರಲ್ಲಿ ಯಾವುದು ಸರಿ ಎಂದು ನನಗೆ ತೋಚುತ್ತಿಲ್ಲ.

ನಿನಗೆ ತಿಳಿಸಬಾರದೆಂದು ಆಚ್ಚಿ ಅಂದೇ ಆಜ್ಞೆ ಹೊರಡಿಸಿದಳು. "ಅವಳಿಗೆ ಗೊತ್ತಾದ್ರೆ ಪುಸ್ತಕ ಬಿಸಾಕಿ ಬಸ್ ಹತ್ತುತಾಳೆ. ಎಂಟು ತಿಂಗಳು ಓದಿದ್ದು ಹುಣಸೆಹಣ್ಣು ತೊಳೆದ ನೀರಾಗತ್ತೆ. ಅಲ್ದೆ ಬಂದೋಳು ಸುಮ್ನಿರ್ತಾಳಾ? ಅಮ್ಮಂಗೇ ಇಂಜೆಕ್ಷನ್ ಚುಚ್ತಾಳೆ!" ಇದರ ಮೇಲೆ ಮನೆಯ ಕಾನೂನುಗಳು ಬೇರೆ. ಬಾಗಿಲಿಗೆ ಬೇವಿನ ಸೊಪ್ಪು. ಒಗ್ಗರಣೆ ಇಲ್ಲ, ಎಣ್ಣೆ ಕಾಯಿಸುವಂತಿಲ್ಲ, ತಲೆ ಬಾಚುವಂತಿಲ್ಲ. ಆದ್ದರಿಂದ ನಾನೀಗ ನೋಡಲು ಸುಡುಗಾಡು ಕಾಯುವ ಸಾಮಿಯ ಹಾಗಿದ್ದೇನೆ. ಮನೆಯಲ್ಲಿ ಕೂತು ಕೂಲಿಗೆ ಬೆಂಕಿಪೊಟ್ಟಣ ಅಂಟಿಸುವ ಕೆಲಸ ನಿಂತಿದೆ. ಖಾಲಿ ಪೊಟ್ಟಣಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿವೆ. ಮನೆಯಿಂದ ಏನೂ ಹೊರಗೆ ಹೋಗಬಾರದು, ಕಾಗದವೂ. ಇವೆಲ್ಲಕ್ಕಿಂತ ದೊಡ್ಡ ಕಾನೂನು ಕೊನೆಯದು: ಅಮ್ಮ ಇರುವ ಮನೆಗೆ ಬಂದವರು ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು. ಮನೆಯವರೂ 'ಹೋಗಿ ಬಾ' ಅನ್ನಬಾರದು. ಅಂದರೆ ಅಮ್ಮ ಅದನ್ನು ತನಗೇ ಹೇಳಿದ್ದೆಂದು ತಿಳಿದು, ಹೋದವಳು ತಿರುಗಿ ಬರುತ್ತಾಳಂತೆ. ಮೊನ್ನೆ ಭಾವ ಲಾರಿಯಲ್ಲಿ ಈರುಳ್ಳಿ ಹೇರಿಕೊಂಡು ತೂತುಕುಡಿಗೆ ಹೋಗುವಾಗ ಬಂದಿದ್ದರು. ಊರೂರು ಸುತ್ತಿ ಬಂದವರು ಒಳಗೆ ಬರುವಂತಿಲ್ಲ ಎಂದು ಆಚ್ಚಿ ಹೊಸ್ತಿಲಲ್ಲೇ ತಡೆದಳು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಬಾಗಿಲಾಚೆ ನಿಂತು ಮಗಳನ್ನು ನೋಡಿ, ಕಣ್ಣೊರೆಸಿಕೊಂಡು, ಒಂದು ಗೊನೆ ಎಳನೀರು ಇಟ್ಟು, ಕಾನೂನಿನ ಪ್ರಕಾರ ಏನೂ ಹೇಳದೆ ಬೆನ್ನು ತಿರುಗಿಸಿ ನಡೆದರು. ಪಾಪಾ ಅದನ್ನು ಚಾಪೆಯಿಂದಲೇ ನೋಡುತ್ತಿದ್ದಳು. "ಅಪ್ಪನೂ ಹೇಳ್ದೆ ಹೋದ" ಅಂದಳು. ಆ 'ಊ' ಎಂಬ ಒಂದಕ್ಷರದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಈಗ ನಗು ಬರುವ ಭಾಗ. ಅಮ್ಮ ಮೈಮೇಲೆ ಬಂದವರನ್ನು ಬೈಯುವಂತಿಲ್ಲ, ಹೊಡೆಯುವಂತಿಲ್ಲ, ಕೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. ಆಚ್ಚಿ ಅವಳನ್ನು ತಾಯೇ ಎಂದೇ ಮಾತನಾಡಿಸುತ್ತಾಳೆ. "ತಾಯೇ, ಒಂದು ಗುಟುಕು ಅಂಬಲಿ ಕುಡಿ. ತಾಯೇ, ಮೂಗಲ್ಲಿ ಬೆರಳು ಹಾಕ್ಬೇಡ." ಪಾಪಾ ಎರಡು ದಿನ ಯೋಚಿಸಿದಳು. ಅಮ್ಮ ಬಂದಿದ್ದಾಳೆ, ಆದರೆ ಕಾಣುತ್ತಿಲ್ಲ; ತನ್ನೊಳಗೇ ಇದ್ದಾಳೆ ಎಂದು ಆಚ್ಚಿ ಹೇಳುತ್ತಾಳೆ; ಹಾಗಾದರೆ ಮಾತೂ ಅಮ್ಮನದೇ ಆಗಬೇಕಲ್ಲ? ಮೂರನೇ ದಿನ ನಾನು ನೀರು ಕುಡಿದ ಲೋಟವನ್ನು ಕಿಟಕಿಯ ಮೇಲಿಟ್ಟೆ. ಹಿಂದಿನಿಂದ ಗದರಿದ ದನಿ ಕೇಳಿತು: "ಲೇ ಪೇಚ್ಚಿ, ಲೋಟಕ್ಕೆ ಕಾಲಿದೆಯಾ, ತಾನೇ ನಡ್ಕೊಂಡು ಹೋಗಿ ತೊಳ್ಕೊಳಕ್ಕೆ?" ಅಕ್ಕಾ, ನನ್ನ ಕೈ ತಾನಾಗಿ ಲೋಟ ತೆಗೆದುಕೊಂಡಿತು. ಅಷ್ಟು ಚೆನ್ನಾಗಿ ನೀನೇ ಅಂದಂತಿತ್ತು, ಕೊನೆಯಲ್ಲಿ ನೀನು ಬಿಡುವ ನಿಟ್ಟುಸಿರಿನ ಸಮೇತ. ಆಚ್ಚಿ ಮಾತ್ರ ಮಾರಿಯಮ್ಮನೇ ನುಡಿದಳೆಂದು ಕರ್ಪೂರ ಹಚ್ಚಿದಳು. ಸುದ್ದಿ ಬೀದಿಗೆ ಹೋಯಿತು. ಎದುರುಮನೆ ಮುದುಕಿ ಪೂವಮ್ಮಾಳ್ ಪಾಟಿ ಹೊಸ್ತಿಲಾಚೆ ಕೂತು, "ತಾಯೇ, ನನ್ನ ಕಂದು ಮೇಕೆ ಓಡಿಹೋಗಿ ನಾಲ್ಕು ದಿನ ಆಯ್ತು, ಎಲ್ಲಿದೆ ಹೇಳು" ಎಂದು ಸೆರಗೊಡ್ಡಿದಳು. ತಾಯಿ ಪಾಟಿಯ ಕೈಗಳನ್ನು ನೋಡಿ ಅಪ್ಪಣೆ ಕೊಡಿಸಿದಳು: "ಮೊದ್ಲು ಸೋಪು ಹಾಕಿ ಕೈ ತೊಳ್ಕೊ." ಪಾಟಿ ತೊಳೆದುಕೊಂಡು ಬಂದಳು. "ಉಗುರಿನ ಸಂದಿ?" ಮತ್ತೆ ಹೋಗಿ ತೊಳೆದಳು. ಸಂಜೆಗೆ ಮೇಕೆ ತಾನಾಗಿ ಮನೆಗೆ ಬಂತು. ಅಂದಿನಿಂದ ಬೀದಿ ನಲ್ಲಿಯ ಹತ್ತಿರ ಬೆಳಗಾದರೆ ಸೋಪು ಹಿಡಿದು ಸಾಲು ನಿಲ್ಲುತ್ತಾರೆ. ನೀನು ತರಬೇತಿ ಮುಗಿಸಿ ಹತ್ತು ವರ್ಷ ಮಾಡಬೇಕಾದ ಕೆಲಸವನ್ನು ನಿನ್ನ ಮಗಳು ಚಾಪೆಯ ಮೇಲೆ ಮಲಗಿಕೊಂಡೇ ಮುಗಿಸಿದಳು ಎಂದು ಸರ್ಕಾರಕ್ಕೆ ಬರೆದು ತಿಳಿಸಬೇಕೆಂದಿದ್ದೇನೆ.

ಆದರೆ ಅಕ್ಕಾ, ಎಲ್ಲವೂ ನಗುವಾಗಿರಲಿಲ್ಲ. ಐದನೇ ದಿನ ಮಧ್ಯಾಹ್ನ ಬಾಯಿಯೊಳಗೂ ಗುಳ್ಳೆ ಎದ್ದವು. ಉಗುಳು ನುಂಗಲೂ ಆಗದೆ ಬಾಯಿ ತೆರೆದುಕೊಂಡೇ ಅಳುತ್ತಿದ್ದಳು, ಅತ್ತರೆ ಉಪ್ಪು ನೀರು ಗುಳ್ಳೆಗೆ ತಾಗಿ ಇನ್ನಷ್ಟು ಅಳು. ಎಳನೀರು ಬೇಡ, ಮಜ್ಜಿಗೆ ಬೇಡ. ಆಚ್ಚಿ ದೇವರ ಪಟದ ಮುಂದೆ ಕೂತವಳು ಏಳಲೇ ಇಲ್ಲ. ನಾನು ತಾಟಿನುಂಗು ತಂದು, ಅದರೊಳಗಿನ ನೀರನ್ನು ಬೆರಳ ತುದಿಯಿಂದ ಒಂದೊಂದೇ ತೊಟ್ಟು ನಾಲಿಗೆಗೆ ಬಿಟ್ಟೆ. ತೊಟ್ಟಿಗೊಂದು ಸುಳ್ಳು ಹೇಳುತ್ತಿದ್ದೆ: ಇದು ನವಿಲಿನ ಬೆವರು, ಇದು ಆನೆ ಅತ್ತ ಕಣ್ಣೀರು, ಇದು ಕಲೆಕ್ಟರ್ ಕುಡಿದು ಬಿಟ್ಟ ಕಾಫಿ. ಹತ್ತೊಂಬತ್ತು ಸುಳ್ಳಿಗೆ ಒಂದು ನುಂಗು ಖಾಲಿಯಾಯಿತು. ನನ್ನ ಸುಳ್ಳಿನಿಂದ ಯಾರಿಗಾದರೂ ಉಪಕಾರವಾದದ್ದು ಅದೊಂದೇ ದಿನ. ತುರಿಕೆಗೆ ಬೇವಿನ ಕುಡಿಯಿಂದ ಸವರುತ್ತಾ ಕೂತರೆ ಕೈ ಸೋಲುತ್ತದೆ, ನಿಲ್ಲಿಸಿದರೆ ಉಗುರು ಮೇಲೇಳುತ್ತದೆ. ಆಚ್ಚಿಗೆ ತಿಳಿಯದಂತೆ ಔಷಧಿ ಅಂಗಡಿಯ ಕಾಂಪೌಂಡರನ್ನು ಕೇಳಿ ಒಂದು ಗುಲಾಬಿ ಬಣ್ಣದ ನೀರೌಷಧ ತಂದೆ. ಅದನ್ನು ಹಚ್ಚಿದರೆ ಪಾಪಾ ಮದುವೆಗೆ ಹೊರಟ ಹಲ್ಲಿಯ ಹಾಗೆ ಕಾಣುತ್ತಾಳೆ. ಆಚ್ಚಿ ಕೇಳಿದಾಗ, "ಅಮ್ಮ ಪೌಡರ್ ಹಚ್ಕೊಂಡಿದಾಳೆ" ಅಂದೆ. ಆಚ್ಚಿ ನಂಬಿದಳೋ, ನಂಬಿದಂತೆ ಮಾಡಿದಳೋ, ಅದೂ ತಿಳಿಯದು. ಮರುದಿನ ಬಾಟಲಿ ಇಟ್ಟ ಜಾಗದಲ್ಲಿ ಒಂದು ತುಂಡು ಹತ್ತಿಯೂ ಇತ್ತು. ನಾನು ಇಟ್ಟದ್ದಲ್ಲ.

ಹತ್ತನೇ ದಿನಕ್ಕೆ ಜ್ವರ ಬಿಟ್ಟು ಮುತ್ತುಗಳು ಒಣಗಿದವು. (ಗುಳ್ಳೆ ಅನ್ನಬಾರದು, ಮುತ್ತು ಅನ್ನಬೇಕು. ನನ್ನ ಹೆಸರಿನಲ್ಲೇ ಮುತ್ತು ಇರುವುದರಿಂದ ಪಾಪಾ ದಿನಕ್ಕೆ ಹತ್ತು ಸಲ ನನ್ನನ್ನು ಕೆರೆಯಲು ಬರುತ್ತಾಳೆ.) ಶುಕ್ರವಾರ ತಲೆಗೆ ನೀರು ಹಾಕುವುದೆಂದು ಆಚ್ಚಿ ಹಿತ್ತಲಲ್ಲಿ ಹಿತ್ತಾಳೆ ಹಂಡೆ ಇಟ್ಟು, ಬೇವು ಅರಿಸಿನ ಹಾಕಿ, ನೀರನ್ನು ಬಿಸಿಲಿಗೆ ಕಾಯಲು ಬಿಟ್ಟಳು. "ನೀರು ಬಿದ್ರೆ ಸಾಕು, ಅಮ್ಮ ಇಳಿದು ಹೋಗ್ತಾಳೆ" ಎಂದು ಸಂತೋಷದಿಂದ ಹೇಳಿದಳು. ಅಷ್ಟೇ. ಪಾಪಾ ಮಂಚದ ಕೆಳಗೆ ನುಗ್ಗಿ ಮಂಚದ ಕಾಲನ್ನು ಎರಡು ಕೈಯಿಂದ ತಬ್ಬಿಕೊಂಡಳು. ಆಚ್ಚಿ ಬೇಡಿದಳು, ಬೆಲ್ಲ ತೋರಿಸಿದಳು. ನಾನು ನಾಯಿಯ ಹಾಗೆ ಬೊಗಳಿ ತೋರಿಸಿದೆ. ಹೊರಗೆ ಬರಲಿಲ್ಲ. ಎಳೆದರೆ ಮುತ್ತು ಕಿತ್ತು ರಕ್ತ ಬರುತ್ತದೆ. ಸಂಜೆಗೆ ಹಂಡೆಯ ನೀರು ತಣ್ಣಗಾಯಿತು. ಅಮ್ಮನಿಗೇ ಇಳಿಯಲು ಮನಸ್ಸಿಲ್ಲ, ಈ ಮನೆಯಲ್ಲಿ ಏನೋ ತಪ್ಪಾಗಿದೆ ಎಂದು ಆಚ್ಚಿ ತೀರ್ಪು ಕೊಟ್ಟು ನನ್ನ ಕಡೆ ನೋಡಿದಳು. ನಾನು ಕದ್ದು ತಿಂದ ಹಪ್ಪಳವೇ ಆ ತಪ್ಪು ಎಂದು ನನಗೂ ಅನ್ನಿಸಿತ್ತು.

ಶನಿವಾರ ಬೆಳಿಗ್ಗೆ ಹಾಸಿಗೆ ಕೊಡವುವಾಗ ದಿಂಬಿನ ಕೆಳಗಿನಿಂದ ಒಂದು ಬೆಂಕಿಪೊಟ್ಟಣ ಬಿತ್ತು. ತೆರೆದರೆ ಒಳಗೆ ಹಕ್ಕಳೆಗಳು. ಒಣಗಿ ಬಿದ್ದವು ಕೆಲವು. ಬೀಳುವ ಮೊದಲೇ ಕಿತ್ತು ಇಟ್ಟವೇ ಹೆಚ್ಚು. ನಿನಗೆ ಹುಬ್ಬಿನ ಮೇಲೆ ಇದೇ ಅಮ್ಮ ಬಿಟ್ಟುಹೋದ ಗುಳಿ ಇದೆಯಲ್ಲ, ಸರಿಯಾಗಿ ಅದೇ ಜಾಗದಲ್ಲಿ ಅವಳು ಕಿತ್ತುಕೊಂಡದ್ದು ಕೀವಾಗಿದೆ. ನಾನು ಕರೆತಂದ ಕಾಂಪೌಂಡರ್ ಹೊಸ್ತಿಲಿಂದಲೇ ನೋಡಿ, "ಕೀಳೋದು ನಿಲ್ಲಿಸಿ, ಮೈ ತೊಳೀರಿ. ಇಲ್ದಿದ್ರೆ ಮತ್ತೆ ಜ್ವರ ಬರತ್ತೆ, ಆಗ ಆಸ್ಪತ್ರೆಗೇ ಸೇರಿಸ್ಬೇಕು, ನನ್ನ ಕೇಳ್ಬೇಡಿ" ಅಂದ. ಮೈ ತೊಳೆಯುವ ಮಾತು ಕೇಳಿ ಪಾಪಾ ಮತ್ತೆ ಮಂಚದ ಕೆಳಗೆ ಸೇರಿದಳು. ನಾನು ಪೊಟ್ಟಣ ಹಿಡಿದು ಅಲ್ಲಿಗೇ ತೆವಳಿ, ನ್ಯಾಯಾಧೀಶರ ದನಿಯಲ್ಲಿ ಕೇಳಿದೆ: "ಆರೋಪಿ ತೇನ್ಮೊಳಿ, ಇದೇನು?" ಅವಳು ನಗಲಿಲ್ಲ. "ಅಮ್ಮ ಹೋದ್ಮೇಲೆ ನೋಡ್ಕೊಳಕ್ಕೆ" ಅಂದಳು. ಆಮೇಲೆ ಪಿಸುಗುಟ್ಟಿದಳು: "ನೀರು ಹಾಕಿದ್ರೆ ಹೋಗ್ಬಿಡ್ತಾಳೆ ಚಿತ್ತೀ. ಹೋಗೋವಾಗ ಅವಳು ಹೇಳಲ್ಲ."

ನಾನು ಅಲ್ಲೇ ಧೂಳಿನಲ್ಲಿ ಮಲಗಿ ಅವಳಿಗೆ ದೊಡ್ಡ ಉಪನ್ಯಾಸ ಕೊಟ್ಟೆ. ಮಾರಿಯಮ್ಮ ಬೇರೆ, ನಿನ್ನ ಅಮ್ಮ ಬೇರೆ. ಒಬ್ಬಳು ಮೈಮೇಲೆ ಬರುವವಳು, ಒಬ್ಬಳು ಬಸ್ಸಿನಲ್ಲಿ ಬರುವವಳು. ಬಸ್ಸಿನಲ್ಲಿ ಬರುವವಳು ತಿರುಚ್ಚಿಯಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಹೇಳಿದ್ದಿಷ್ಟು: "ಅಮ್ಮ ಬಂದಿದಾಳೆ ಅಂತ ಆಚ್ಚಿನೂ ಹೇಳಿದ್ಳು. ಆಚ್ಚಿ ಸುಳ್ಳು ಹೇಳಲ್ಲ. ಸುಳ್ಳು ಹೇಳೋದು ನೀನು. ಕೋಳಿಗೆ ಹಲ್ಲಿಲ್ಲ."

ಅಕ್ಕಾ, ಕೋಳಿಗೆ ಹಲ್ಲಿಲ್ಲ. ನೆನಪಿದೆಯಾ? ಹೋದ ವರ್ಷ ಆವಣಿ ತಿಂಗಳಲ್ಲಿ, ದೀಪಾವಳಿಗೆ ಎರಡು ತಿಂಗಳು ಮೊದಲು, ನೀನು ಹೊರಟ ದಿನ, ಟ್ರಂಕು ಹೊರಗೆ ಇಟ್ಟಾಗಿತ್ತು, ಕುದುರೆಗಾಡಿ ಬಂದಿತ್ತು. "ಅವಳು ಅತ್ರೆ ನಾನು ಹೋಗಕ್ಕಾಗಲ್ಲ ಕಣೇ, ಏನಾದ್ರೂ ಮಾಡಿ ಆಚೆ ಕರ್ಕೊಂಡು ಹೋಗು" ಎಂದು ನೀನೇ ನನ್ನ ಕೈ ಹಿಡಿದು ಕೇಳಿದೆ. ಏನಾದರೂ ಮಾಡುವುದರಲ್ಲಿ ನನ್ನನ್ನು ಮೀರಿಸಿದವರುಂಟೇ? ಪೂವಮ್ಮಾಳ್ ಪಾಟಿಯ ಕೋಳಿಗೆ ಹಲ್ಲು ಹುಟ್ಟಿದೆ, ತೋರಿಸುತ್ತೇನೆ ಬಾ ಎಂದು ಎತ್ತಿಕೊಂಡು ಹೋದೆ. ಅವಳು ಪಾಟಿಯ ಹಿತ್ತಲಿನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೋಳಿ ಬಾಯಿ ತೆರೆಯಲಿ ಎಂದು ಅರ್ಧ ಗಂಟೆ ಕಾದಳು. ನಾನು ಗೋಡೆಗೆ ಮುಖ ಮಾಡಿ ನಗು ತಡೆದುಕೊಳ್ಳುತ್ತಿದ್ದೆ. ತಿರುಗಿ ಬಂದಾಗ ಬಾಗಿಲಲ್ಲಿ ಕುದುರೆಯ ಲದ್ದಿ ಮಾತ್ರ ಇತ್ತು. ದೀಪಾವಳಿಗೆ ಬಂದಾಗಲೂ ಅವಳು ಮಲಗಿದ್ದಾಗಲೇ ಮೊದಲ ಬಸ್ಸು ಹಿಡಿದೆ. ಪೊಂಗಲ್‌ಗೆ ಬರುತ್ತೇನೆಂದವಳು ಹಳ್ಳಿ ಕ್ಯಾಂಪಿಗೆ ಹೋದೆ. ನಾವೆಲ್ಲ ಮಗು ಮರೆತಿದೆ ಎಂದುಕೊಂಡಿದ್ದೆವು. ಅವಳು ಇಂದಿಗೂ ಕೋಳಿ ಕಂಡರೆ ಮೊದಲು ಬಾಯಿ ನೋಡುತ್ತಾಳೆ, ಅದನ್ನು ನಾನು ತಮಾಷೆ ಎಂದುಕೊಂಡಿದ್ದೆ. ಮಂಚದ ಕೆಳಗೆ ಅವಳ ಲೆಕ್ಕಾಚಾರ ಪೂರ್ತಿ ಕೇಳಿದೆ. ಹೋಗುವವರಿಗೆ 'ಹೋಗಿ ಬಾ' ಅಂದರೆ ತಾನೆ ಅವರು ಬರುವುದು? ತಾನು ಒಂದು ಸಲವೂ ಅಂದಿಲ್ಲ. ಅನ್ನಲು ಯಾರೂ ಬಿಡಲಿಲ್ಲ. ಅದಕ್ಕೇ ಅಮ್ಮನಿಗೆ ಬರಲು ತಿಳಿಯುತ್ತಿಲ್ಲ. ಈ ಸಲ ಹೇಗೋ ತಾನಾಗಿ ಬಂದಿದ್ದಾಳೆ, ಮತ್ತೆ ಹೇಳದೆ ಹೋಗಲು ತಾನು ಬಿಡುವುದಿಲ್ಲ.

ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಹಾಗಾದ್ರೆ ಈ ಸಲ ನೀನೇ ಹೇಳು. ನೀರು ಹಾಕೋವಾಗ ಜೋರಾಗಿ 'ಹೋಗಿ ಬಾ ಅಮ್ಮಾ' ಅನ್ನು." ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು, ಕೋಳಿಯ ಬಾಯಿ ನೋಡಿದ ಹಾಗೆ. "ಆಣೆ?" ಅಂದಳು. "ಆಣೆ" ಅಂದೆ. ಮಂಚದ ಕಾಲು ಬಿಟ್ಟಳು. ಆಗಿನಿಂದ ಒಂದು ಹಕ್ಕಳೆಯನ್ನೂ ಕಿತ್ತಿಲ್ಲ. ನಾನು ಗೆದ್ದೆ ಎಂದು ಆಚ್ಚಿಗೆ ಹೇಳಲು ಓಡಿದೆ. ಆಚ್ಚಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ ಅಕ್ಕಾ, ಅದೇ ಭಯವಾದದ್ದು. "ಹುಚ್ಚು ಮುಂಡೇದೆ, ಮಾರಿಗೇ 'ಹೋಗಿ ಬಾ' ಅನ್ಸ್ತೀಯಾ? ಆ ಮಾತು ಅವಳ ಕಿವಿಗೆ ಬಿದ್ರೆ ತಿರುಗಿ ಬರ್ತಾಳಲ್ಲೇ. ಈ ಮಗೂನ ಮೈಯಲ್ಲಿ ಇನ್ನೊಂದ್ಸಲ ತಡ್ಕೊಳಕ್ಕೆ ಏನಿದೆ?" ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ನೀನೇ ಹೇಳಿದ ನೆನಪು. ಅದನ್ನು ಹೇಳಿದೆ. "ಪುಸ್ತಕ ಬರೆದೋರ ಮನೆಗೆ ಅವಳು ಹೋಗಿದ್ಲಾ?" ಅಂದಳು ಆಚ್ಚಿ. ಅಮ್ಮನ ವಾರವಾದ ಮಂಗಳವಾರ ನೀರು ಹಾಕಲೇಬೇಕು, ಆದರೆ ಆ ಮಾತು ಮಗುವಿನ ಬಾಯಿಂದ ಬರಕೂಡದು, ಬಾಯಿ ಮುಚ್ಚುವುದು ನನ್ನ ಜವಾಬ್ದಾರಿ, ಇದು ಆಚ್ಚಿಯ ಕೊನೆಯ ತೀರ್ಪು.

ಈಗ ಹೇಳು, ನಾನೇನು ಮಾಡಲಿ? ಅನ್ನಲು ಬಿಟ್ಟರೆ ಆಚ್ಚಿಗೆ ಮೋಸ. ಬಾಯಿ ಮುಚ್ಚಿದರೆ ಅದು ಎರಡನೇ ಕೋಳಿ. ಈ ಬೀದಿಯಲ್ಲಿ ಎಷ್ಟು ಜನರನ್ನು ಏಮಾರಿಸಿದ್ದೇನೆ! ಪೂವಮ್ಮಾಳ್ ಪಾಟಿಯ ನಸ್ಯದ ಡಬ್ಬಿಗೆ ಮೆಣಸಿನ ಪುಡಿ ಬೆರೆಸಿದವಳು ನಾನು, ಒಂದು ದಿನವೂ ನಿದ್ದೆ ಕೆಟ್ಟಿಲ್ಲ. ಈ ಮಗುವಿನ 'ಆಣೆ?' ಮಾತ್ರ ನಿನ್ನೆ ರಾತ್ರಿ ಮಲಗಗೊಡಲಿಲ್ಲ. ನಿನ್ನ ಉತ್ತರ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಗೊತ್ತು. ಈ ಕಾಗದವನ್ನು ಮಂಗಳವಾರದವರೆಗೆ ಮನೆಯಿಂದ ಹೊರಗೆ ಕಳಿಸುವಂತೆಯೂ ಇಲ್ಲ. ಕಳಿಸಿದರೆ ನೀನು ಪರೀಕ್ಷೆ ಬಿಟ್ಟು ಬರುತ್ತೀಯೋ, ಕಳಿಸದಿದ್ದರೆ ನಾನು ಸರಿಯೋ, ಅದೂ ಗೊತ್ತಿಲ್ಲ. ಸುಮ್ಮನೆ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಂತಾಗಲಿ ಎಂದು ಬರೆದೆ. ಆಚ್ಚಿಯ ಆಶೀರ್ವಾದಗಳು, ಅವಳಿಗೆ ತಿಳಿಯದಂತೆ. ಭಾವನಿಗೆ ನೀನೂ ಒಂದು ಸಾಲು ಬರೆ, ಲಾರಿಯಲ್ಲಿ ಒಬ್ಬರೇ ಅಳುತ್ತಾರೆ. ಚೆನ್ನಾಗಿ ಪರೀಕ್ಷೆ ಬರೆ. ಈ ಮನೆಯ ಕಾನೂನಿನಂತೆ ಹೊರಡುವ ಮಾತು ಹೇಳದೆ, ಬೆನ್ನು ತಿರುಗಿಸಿ ಎದ್ದು ಹೋಗುತ್ತಿದ್ದೇನೆ.

ಮೂವರು ಅಮ್ಮಂದಿರ ನಡುವೆ ಸಿಕ್ಕಿಕೊಂಡ
ನಿನ್ನ ತಂಗಿ,
ಮುತ್ತುಪ್ಪೇಚ್ಚಿ

ತಾ.ಕ.: ಬುಧವಾರ. ಮೂರೂವರೆಗೆ ಅಂಚೆಯವನು ಡಬ್ಬ ತೆರೆಯುತ್ತಾನೆ, ಆದ್ದರಿಂದ ಅವಸರ. ನಿನ್ನೆ ನೀರು ಹಾಕಿದೆವು. ಪಾಪಾ ತಾನೇ ನಡೆದು ಬಂದು ಮಣೆಯ ಮೇಲೆ ಕೂತಳು. ನಾನು ಅವಳ ಹಿಂದೆ ನಿಂತಿದ್ದೆ, ಬಾಯಿ ಮುಚ್ಚಬೇಕಾದ ಕೈಯನ್ನು ನನ್ನ ಬೆನ್ನ ಹಿಂದೆ ಕಟ್ಟಿಕೊಂಡು. ಆಚ್ಚಿ ಚೊಂಬು ಎತ್ತಿದಳು. ಪಾಪಾ ಕಣ್ಣು ಮುಚ್ಚಿ, ಕೈ ಮುಗಿದು, ಬೀದಿಗೆಲ್ಲ ಕೇಳುವ ಹಾಗೆ ಅಂದಳು: "ಹೋಗಿ ಬಾ ಅಮ್ಮಾ! ಪರೀಕ್ಷೆ ಬರೆದು ಬಾ!" ಆಚ್ಚಿಯ ಚೊಂಬು ಗಾಳಿಯಲ್ಲೇ ನಿಂತಿತು. ಎಲ್ಲವೂ ಪಾಪಾಳಿಗೆ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ನನಗಂತೂ ತಿಳಿಯಲಿಲ್ಲ. ಆಚ್ಚಿ ನೀರು ಸುರಿದಳು, ಒರೆಸಿದಳು. ಆಮೇಲೆ ಪಟದ ಮುಂದೆ ನಿಂತು ಜಗಳಕ್ಕೆ ನಿಂತವಳಂತೆ ಹೇಳುತ್ತಿದ್ದುದು ಕೇಳಿಸಿತು: "ಅದು ಅವಳ ಅಮ್ಮಂಗೆ ಹೇಳಿದ್ದು. ನಿಂಗಲ್ಲ. ನೀನು ಕೇಳಿಸ್ಕೋಬೇಡ." ಬೆಂಕಿಪೊಟ್ಟಣವನ್ನು ಪಾಪಾ ತಾನೇ ತಂದು ನನ್ನ ಕೈಗೆ ಕೊಟ್ಟಳು, ಇನ್ನು ಬೇಡವಂತೆ. ಹುಬ್ಬಿನ ಕೀವು ಒಣಗುತ್ತಿದೆ. ಇಷ್ಟೇ ಆಗಿದ್ದರೆ ಈ ಕಾಗದವನ್ನು ಹರಿದುಹಾಕುತ್ತಿದ್ದೆನೇನೋ. ಆದರೆ ಇವತ್ತು ಬೆಳಿಗ್ಗೆ ನನ್ನ ಕುತ್ತಿಗೆಯಲ್ಲಿ ಒಂದು ಮುತ್ತು ಎದ್ದಿದೆ, ಹೊಟ್ಟೆಯ ಮೇಲೆ ನಾಲ್ಕು. ನಿನಗೆ ಬಂದಾಗ ನನ್ನನ್ನು ಅತ್ತೆಯ ಊರಿಗೆ ಸಾಗಿಸಿದ್ದರಲ್ಲ, ಆ ಸಲ ತಪ್ಪಿಸಿಕೊಂಡಿದ್ದೆ. ಎರಡು ವಾರದ ಹಿಂದೆಯೇ ಅಂಟಿದ್ದು ಎಂದು ನೀನು ಹೇಳುತ್ತೀ. ಆಚ್ಚಿ ನೋಡಿ, "ವಿಳಾಸ ತಪ್ಪಿ ಹೋಯ್ತು ನೋಡು" ಅಂದು ಮತ್ತೆ ಬೇವು ತರಲು ಹೋಗಿದ್ದಾಳೆ. ಆಚ್ಚಿ ತಿರುಗಿ ಬಂದರೆ ಮತ್ತೆ ಕಾಗದ ಹೊರಗೆ ಹೋಗುವಂತಿಲ್ಲ, ಅದಕ್ಕೇ ಈ ಓಟ. ಪಾಪಾ ಬೇವಿನ ಕುಡಿ ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದಾಳೆ, ಕೆರೆದುಕೊಂಡರೆ ಕೈ ಮೇಲೆ ಹೊಡೆಯುತ್ತಾಳೆ. ಪರೀಕ್ಷೆ ಬಿಡಬೇಡ, ಅವಳು ಬರೆದು ಬಾ ಎಂದೇ ಹೇಳಿದ್ದು. ಹದಿನಾರಕ್ಕೆ ಮುಗಿದ ಕೂಡಲೇ ಹೊರಡು. ಮತ್ತೆ ತಿರುಚ್ಚಿಗೆ ಹೋಗುವ ದಿನ ಅವಳನ್ನು ಎಬ್ಬಿಸಿ, ಮುಂಬಾಗಿಲಿನಿಂದ, ಹೇಳಿ ಹೋಗು. ಅತ್ತರೆ ಅಳಲಿ, ನಾನಿದ್ದೇನೆ. ಕೋಳಿ ತೋರಿಸುವುದಿಲ್ಲ. ಮಗು 'ಬಾ' ಅಂದದ್ದಕ್ಕೆ ಒಬ್ಬ ಅಮ್ಮ ಆಗಲೇ ಬಂದಾಯಿತು ಅಕ್ಕಾ. ಇನ್ನು ಬರಬೇಕಾದವಳು ನೀನೊಬ್ಬಳೇ.